ಮಗುವಿಗೆ ಭೇದಿ: ಅಂಗಡಿಯಲ್ಲಿ ಏನನ್ನು ಕೇಳಬೇಕು, ಏನನ್ನು ಬಿಡಬೇಕು

2025ರ ಬೇಸಿಗೆಯಲ್ಲಿ ಅಕ್ಕನ ಮಗನಿಗೆ ಭೇದಿ ಹಿಡಿಯಿತು. ಒಂದು ವರ್ಷ ಮೂರು ತಿಂಗಳ ಕೂಸು. ಸಂಜೆಯೊಳಗೆ ಏಳು ಸಲ ನೀರಿನಂತೆ ಹೋಗಿ, ಎರಡು ಸಲ ವಾಂತಿಯೂ ಆಯಿತು. ಭಾವ ಔಷಧಿ ಅಂಗಡಿಗೆ ಓಡಿ, ಅರ್ಧ ಗಂಟೆಯಲ್ಲಿ ಒಂದು ಚೀಲ ತುಂಬಿಸಿಕೊಂಡು ಬಂದರು. ಕಿತ್ತಳೆ ರುಚಿಯ ಎರಡು ಪೆಟ್ಟಿಗೆ ಪಾನೀಯ, ಒಂದು ಆಂಟಿಬಯಾಟಿಕ್ ಸಿರಪ್, ಭೇದಿ ಕಟ್ಟುವ ಪುಡಿಯ ಚಿಕ್ಕ ಪೊಟ್ಟಣಗಳು, ಬೆರಳುದ್ದದ ಪ್ಲಾಸ್ಟಿಕ್ ಕುಪ್ಪಿಗಳಲ್ಲಿ ‘ಒಳ್ಳೆಯ ಬ್ಯಾಕ್ಟೀರಿಯಾ’. ಬಿಲ್ಲು ಐನೂರರ ಹತ್ತಿರ ಬಂದಿತ್ತು. ಚೀಲದಲ್ಲಿ ಇಲ್ಲದೆ ಹೋದದ್ದು ಒಂದೇ ಒಂದು: ಇಪ್ಪತ್ತು ರೂಪಾಯಿ ಆಸುಪಾಸಿನ ಓಆರ್‌ಎಸ್ ಪುಡಿ, ಅಂದರೆ ನೀರಿಗೆ ಕದಡಿ ಕುಡಿಸುವ ಉಪ್ಪು-ಗ್ಲೂಕೋಸ್ ಮಿಶ್ರಣ.

‘ಇದು ಓಆರ್‌ಎಸ್ ಅಲ್ಲವೇ?’ ಎಂದು ಭಾವ ಪೆಟ್ಟಿಗೆಯನ್ನು ತಿರುಗಿಸಿ ತೋರಿಸಿದರು. ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಹಾಗೆಯೇ ಬರೆದಿತ್ತು. ಹಿಂಭಾಗದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ ಎಂದೂ ಬರೆದಿತ್ತು.

ಅಂದಿನ ಆ ಚೀಲವನ್ನೇ ಮುಂದಿಟ್ಟುಕೊಂಡು ಈ ಹೋಲಿಕೆ ಮಾಡುತ್ತಿದ್ದೇನೆ. ನಾನು ವೈದ್ಯನಲ್ಲ, ಸಂಶೋಧನಾ ವರದಿಗಳನ್ನು ಓದುವ ಚಟ ಇರುವವನು. ಚೀಲದಲ್ಲಿದ್ದ ಒಂದೊಂದು ವಸ್ತುವನ್ನೂ ಸಾವಿರಾರು ಮಕ್ಕಳ ಮೇಲೆ ಒರೆಗೆ ಹಚ್ಚಿ ನೋಡಿದ ಪ್ರಯೋಗಗಳು ಇವೆ, ಹಲವು ತೀರಾ ಇತ್ತೀಚಿನವು. ಹಾಗಾಗಿ ಊಹಿಸುತ್ತ ಕೂರಬೇಕಾದ ಅಗತ್ಯವಿಲ್ಲ.

ಕುಡಿಯಲು ಏನು?

ಭೇದಿಯಲ್ಲಿ ಮಗುವಿನ ಜೀವಕ್ಕೆ ಕುತ್ತು ತರುವುದು ಭೇದಿಯೇ ಅಲ್ಲ, ಅದರ ಜೊತೆ ಹರಿದುಹೋಗುವ ನೀರು ಮತ್ತು ಉಪ್ಪು. ಬರಿಯ ನೀರು ಕುಡಿಸಿದರೆ ಹೋದ ಉಪ್ಪು ಮರಳುವುದಿಲ್ಲ. ಉಪ್ಪುನೀರು ಮಾತ್ರ ಕುಡಿಸಿದರೆ, ಕೆರಳಿದ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ಒಟ್ಟಿಗೆ ಒಳಗೆ ಬಿಡುವ ಒಂದು ಬಾಗಿಲಿದೆ. ಜೋಡಿಯಾಗಿ ಬಂದರೆ ಮಾತ್ರ ಪ್ರವೇಶ. ಈ ಜೋಡಿಯ ಬೆನ್ನಿಗೆ ನೀರೂ ಒಳಗೆ ಹೋಗುತ್ತದೆ. ಭೇದಿ ಜೋರಾಗಿರುವಾಗಲೂ ಈ ಬಾಗಿಲು ಮುಚ್ಚುವುದಿಲ್ಲ ಎಂಬುದೇ ಓಆರ್‌ಎಸ್‌ನ ಗುಟ್ಟು.

ಇಂದಿನ ಪುಡಿಯ ಲೆಕ್ಕ ಹೀಗಿದೆ: ಒಂದು ಲೀಟರ್ ನೀರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಹಳೆಯ ಸೂತ್ರದಲ್ಲಿ ಉಪ್ಪೂ ಗ್ಲೂಕೋಸೂ ಇದಕ್ಕಿಂತ ಹೆಚ್ಚಿದ್ದವು. ಎರಡನ್ನೂ ಇಳಿಸಿ ನೋಡಿದಾಗ ಡ್ರಿಪ್ ಏರಿಸಬೇಕಾಗಿ ಬಂದ ಮಕ್ಕಳ ಪ್ರಮಾಣ ಸುಮಾರು ಮೂರನೇ ಒಂದರಷ್ಟು ತಗ್ಗಿತು. ಅದಾದ ಮೇಲೆ 2002ರಿಂದ ಈ ತೆಳು ಸೂತ್ರ ಬಂತು. ಸಕ್ಕರೆ ಹೆಚ್ಚಾದಷ್ಟೂ ಶಕ್ತಿ ಹೆಚ್ಚು ಎಂದು ತಿಳಿದವರು ಇದನ್ನು ಇನ್ನೊಮ್ಮೆ ಓದಬೇಕು. ಇಳಿಸಿದ್ದರಿಂದಲೇ ಪುಡಿ ಸುಧಾರಿಸಿತು.

ಈಗ ಪೆಟ್ಟಿಗೆ ಪಾನೀಯದ ಕಡೆ ಬರೋಣ. ಭಾವ ತಂದಿದ್ದರಲ್ಲಿ ನೂರು ಮಿಲಿಗೆ ಹತ್ತು ಗ್ರಾಂ ದಾಟಿದ ಸಕ್ಕರೆ ಇತ್ತು. ಪುಡಿ ಕದಡಿದ ನೀರಿನಲ್ಲಿ ಇರುವುದು 1.35 ಗ್ರಾಂ. ಅಂದರೆ ಏಳೆಂಟು ಪಟ್ಟು ಹೆಚ್ಚು. ಇಷ್ಟು ಸಿಹಿಯನ್ನು ಕರುಳಿಗೆ ಇಳಿಸಿದರೆ, ಅದನ್ನು ತೆಳುವಾಗಿಸಲು ದೇಹದೊಳಗಿನ ನೀರೇ ಕರುಳಿಗೆ ಬರುತ್ತದೆ. ಭೇದಿ ನಿಲ್ಲಿಸಲು ಕೊಟ್ಟದ್ದು ಭೇದಿಯನ್ನು ಹೆಚ್ಚಿಸುತ್ತದೆ. ಕೋಲಾ, ಅಂಗಡಿಯ ಹಣ್ಣಿನ ರಸ, ಆಟಗಾರರು ಕುಡಿಯುವ ಬಣ್ಣದ ಪಾನೀಯ ಎಲ್ಲಕ್ಕೂ ಇದೇ ಮಾತು. ಲೇಬಲ್ ಓದುವವರಿಗೆ ಒಂದು ಸುಲಭ ಅಳತೆ: ನೂರು ಮಿಲಿಗೆ ಗ್ಲೂಕೋಸ್ ಸೇರಿ ಒಟ್ಟು ಸಕ್ಕರೆ ಒಂದೂವರೆ ಗ್ರಾಂ ಮೀರಿರಬಾರದು, ಸೋಡಿಯಂ 170 ಮಿಲಿಗ್ರಾಂ ಆಸುಪಾಸಿನಲ್ಲಿರಬೇಕು. ಈ ಎರಡೂ ಹೊಂದಿದರೆ ಪೆಟ್ಟಿಗೆಯಲ್ಲಿದ್ದರೂ ಅದು ನಿಜವಾದ ಓಆರ್‌ಎಸ್, ಅಂಥ ಸಿದ್ಧ ದ್ರಾವಣಗಳೂ ಮಾರಾಟಕ್ಕಿವೆ. ಹೊಂದದಿದ್ದರೆ ಅದು ಶರಬತ್ತು.

ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಈ ಹೆಸರಿನ ಮೋಸದ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳು ಆ ಹೆಸರು ಬಳಸುವುದನ್ನು ಒಮ್ಮೆ ನಿಷೇಧಿಸಿ, ಕೆಲವೇ ತಿಂಗಳಲ್ಲಿ ‘ಲೇಬಲ್ ಮೇಲೆ ಎಚ್ಚರಿಕೆ ಬರೆದರೆ ಸಾಕು’ ಎಂದು ಸಡಿಲಿಸಿತು. ಭಾವನ ಪೆಟ್ಟಿಗೆಯ ಇರುವೆ ಅಕ್ಷರ ಆ ಸಡಿಲಿಕೆಯ ಕೂಸು. 2025ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರ ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ನಿಜವಾದ ಸೂತ್ರವಲ್ಲದ ಯಾವ ಪಾನೀಯವೂ ತನ್ನ ಹೆಸರಿನಲ್ಲಿ ಆ ಮೂರು ಅಕ್ಷರ ಇಟ್ಟುಕೊಳ್ಳುವಂತಿಲ್ಲ ಎಂಬುದು ಈಗಿನ ನಿಯಮ. ಆದರೂ ಪೆಟ್ಟಿಗೆ ತಿರುಗಿಸಿ ನೋಡುವ ಅಭ್ಯಾಸ ಬಿಡಬೇಡಿ. ಹೆಸರು ಬದಲಾದ ಮಾತ್ರಕ್ಕೆ ಒಳಗಿನ ಸಕ್ಕರೆ ಕರಗಿ ಹೋಗುವುದಿಲ್ಲ.

ಗ್ಲೂಕೋಸ್ ಪುಡಿಯದು ಇನ್ನೊಂದು ಗೊಂದಲ. ಬಿಸಿಲಲ್ಲಿ ಬಂದವರಿಗೆ ಕದಡಿ ಕೊಡುವ ಡಬ್ಬಿಯ ಪುಡಿ ಬಹುಪಾಲು ಬರಿಯ ಗ್ಲೂಕೋಸ್. ಜೋಡಿಯಲ್ಲಿ ಒಬ್ಬನೇ ಬಂದ ಹಾಗೆ. ಭೇದಿಗೆ ಅದು ಬೇಡ.

ಎಳನೀರಿನ ಬಗ್ಗೆ ಮಾತನಾಡಿದರೆ ಕರಾವಳಿಯ ಗೆಳೆಯರು ಸಿಟ್ಟಾಗುತ್ತಾರೆ. ಆದರೂ ಹೇಳಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಭೇದಿಯಲ್ಲಿ ಹೆಚ್ಚು ಕಳೆದುಹೋಗುವುದು ಸೋಡಿಯಂ. ಮಗು ಲವಲವಿಕೆಯಿಂದ ಇದ್ದು, ಎರಡು ಮೂರು ಸಲವಷ್ಟೇ ಹೋಗಿದ್ದರೆ ಎಳನೀರು ಒಳ್ಳೆಯ ಜೊತೆಗಾರ. ನೀರಿನಂತೆ ಸುರಿಯುವ ಭೇದಿಗೆ ಅದೊಂದೇ ಸಾಲದು.

ಅಮ್ಮ ಅಂದು ಯಾರನ್ನೂ ಕೇಳದೆ ಒಲೆಯ ಮೇಲೆ ಇಟ್ಟದ್ದು ಗಂಜಿ. ಸಂಶೋಧನೆಯ ಕಣ್ಣಿನಲ್ಲಿ ನೋಡಿದರೂ ಅಮ್ಮನೇ ಗೆದ್ದರು ಎನ್ನಬೇಕು, ಆದರೆ ಅರ್ಧ ಮಾತ್ರ. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ, ಆದ್ದರಿಂದ ಒಮ್ಮೆಗೇ ನೀರೆಳೆಯುವ ಭಯವಿಲ್ಲ. ಉಪ್ಪು ಹಾಕಿದ ಗಂಜಿ ತಿಳಿ ಮತ್ತು ಉಪ್ಪು ಮಜ್ಜಿಗೆಯಂಥ ಮನೆಯ ಪೇಯಗಳನ್ನು ನಿರ್ಜಲೀಕರಣ ಆರಂಭವಾಗುವ ಮೊದಲೇ ಕೊಡಲು ವೈದ್ಯಕೀಯ ಮಾರ್ಗಸೂಚಿಗಳೂ ಒಪ್ಪುತ್ತವೆ. ಅಮ್ಮ ಮಗುವಿನ ಪಾಲಿಗೆ ಉಪ್ಪು ಹಾಕಿರಲಿಲ್ಲ, ಕೂಸಿಗೆ ಉಪ್ಪೇಕೆ ಎಂದು. ಭೇದಿಯ ದಿನ ಆ ಚಿಟಿಕೆ ಉಪ್ಪೇ ಮುಖ್ಯ. ಮಗುವಿನ ಕಣ್ಣು ಗುಳಿಬಿದ್ದ ಮೇಲೆ ಮಾತ್ರ ಗಂಜಿಯನ್ನು ನಂಬಿ ಕೂರಬಾರದು, ಆಗ ಪುಡಿಯೇ ಬೇಕು.

ಪುಡಿ ಸಿಗದ ಹೊತ್ತಿನಲ್ಲಿ ಮನೆಯಲ್ಲೇ ಮಾಡುವ ಸಕ್ಕರೆ-ಉಪ್ಪಿನ ನೀರು ನಡೆಯುತ್ತದೆ: ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿನ ಕೈ ಮುಂದಾದರೆ ಅಪಾಯ, ಹಾಗಾಗಿ ಕೊಡುವ ಮೊದಲು ನೀವೇ ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ, ಹೊಸದಾಗಿ ಮಾಡಿ.

‘ನಮ್ಮ ಮಗು ಪುಡಿಯ ನೀರನ್ನು ಉಗಿಯುತ್ತದೆ’ ಎನ್ನುವವರಿಗೆ ಕೆನಡಾದ ಒಂದು ಪ್ರಯೋಗ ತುಸು ಸಮಾಧಾನ ಕೊಡಬಹುದು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸೌಮ್ಯ ವಾಂತಿಭೇದಿಯ 647 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಸಮಪಾಲು ನೀರು ಬೆರೆಸಿದ ಸೇಬಿನ ರಸ ಮತ್ತು ಆ ಮೇಲೆ ಅವರಿಗೆ ಇಷ್ಟವಾದ ಪೇಯ ಕೊಟ್ಟರು, ಉಳಿದವರಿಗೆ ಸೇಬಿನ ರುಚಿಯ ಲವಣ ದ್ರಾವಣ. ಚಿಕಿತ್ಸೆ ಫಲಿಸದೆ ಹೋದದ್ದು ರಸದ ಗುಂಪಿನಲ್ಲಿ ಶೇ. 16.7, ದ್ರಾವಣದ ಗುಂಪಿನಲ್ಲಿ ಶೇ. 25. ರುಚಿಯಾಗಿದ್ದುದನ್ನು ಮಕ್ಕಳು ಕುಡಿದರು ಎಂಬುದೇ ಇದಕ್ಕೆ ನನಗೆ ತೋಚುವ ಕಾರಣ. ಆದರೆ ಅವರು ಚೆನ್ನಾಗಿ ಉಂಡು ಬೆಳೆದ, ನಿರ್ಜಲೀಕರಣ ಹೆಚ್ಚುಕಡಿಮೆ ಇಲ್ಲದ ಮಕ್ಕಳು, ಆಸ್ಪತ್ರೆ ಕೈಗೆಟಕುವ ದೂರದಲ್ಲಿತ್ತು, ರಸಕ್ಕೆ ಅರ್ಧ ನೀರು ಬೆರೆತಿತ್ತು. ಈ ಮೂರರಲ್ಲಿ ಒಂದು ತಪ್ಪಿದರೂ ಆ ಫಲಿತಾಂಶ ನಿಮ್ಮದಲ್ಲ.

ದೊಡ್ಡ ಪೊಟ್ಟಣ, ಚಿಕ್ಕ ಪೊಟ್ಟಣ

ಸರಿಯಾದ ಪುಡಿ ತಂದ ಮೇಲೂ ಎಡವುವ ಜಾಗ ಇದು. ಅಂಗಡಿಯಲ್ಲಿ ಎರಡು ಗಾತ್ರ ಸಿಗುತ್ತವೆ: ಒಂದು ಲೀಟರಿಗೆ ಕದಡುವ ಸುಮಾರು 21 ಗ್ರಾಂನದು, 200 ಮಿಲಿಗೆ ಕದಡುವ ಸುಮಾರು 4 ಗ್ರಾಂನದು. ಎರಡರ ಚಿತ್ರ, ಬಣ್ಣ, ಹೆಸರು ಒಂದೇ. ರಾತ್ರಿ ನಿದ್ದೆಗಣ್ಣಿನಲ್ಲಿ ದೊಡ್ಡ ಪೊಟ್ಟಣವನ್ನು ಹರಿದು ಒಂದು ಲೋಟಕ್ಕೆ ಸುರಿದರೆ ಉಪ್ಪು ಐದು ಪಟ್ಟಾಗುತ್ತದೆ. ಅಷ್ಟು ಸೋಡಿಯಂ ಪುಟ್ಟ ಮಗುವಿನ ಮಿದುಳಿಗೆ ಅಪಾಯ, ಫಿಟ್ಸ್ ಬರಬಹುದು. ದೊಡ್ಡ ಪೊಟ್ಟಣದಿಂದ ಚಮಚದಲ್ಲಿ ಚೂರು ಚೂರು ತೆಗೆದು ಕದಡುವುದೂ ತಪ್ಪು, ಏಕೆಂದರೆ ಪುಡಿಯೊಳಗಿನ ಲವಣಗಳು ಸಮನಾಗಿ ಬೆರೆತಿರುತ್ತವೆ ಎಂಬ ಭರವಸೆ ಇಲ್ಲ.

ಮನೆಯಲ್ಲಿ ಅಳತೆಯ ಜಾರ್ ಇಲ್ಲದಿದ್ದರೆ ಒಂದು ಲೀಟರಿನ ನೀರಿನ ಬಾಟಲಿ ಸಾಕು. ಕುದಿಸಿ ಆರಿಸಿದ ನೀರನ್ನು ಅದಕ್ಕೆ ತುಂಬಿ, ಶುಚಿಯಾದ ಪಾತ್ರೆಗೆ ಬಗ್ಗಿಸಿ, ಇಡೀ ದೊಡ್ಡ ಪೊಟ್ಟಣ ಸುರಿದು ಕಲಕಿ. ಕಲಕಿದ ಮೇಲೆ ಕುದಿಸಬಾರದು. ಹಾಲು, ಹಣ್ಣಿನ ರಸ, ‘ಸ್ವಲ್ಪ ರುಚಿಗೆ’ ಸಕ್ಕರೆ ಯಾವುದನ್ನೂ ಸೇರಿಸಬಾರದು. ಇಪ್ಪತ್ತನಾಲ್ಕು ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಬೇಕು. ಚೆಲ್ಲಲು ನಮ್ಮ ಮನೆಯಲ್ಲಿ ಯಾರಿಗೂ ಕೈ ಬರಲಿಲ್ಲ, ಕೊನೆಗೆ ನಾನೇ ಕುಡಿದೆ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿ. ಹಾಲುಬಾಟಲಿಯಲ್ಲಿ ಗಟಗಟ ಕುಡಿಸಿದರೆ ವಾಂತಿ ಖಚಿತ. ಅಕ್ಕ ಆ ರಾತ್ರಿ ಚಮಚ ಹಿಡಿದು ಕೂತಳು: ಒಂದು ಚಮಚ, ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು, ಇನ್ನೊಂದು ಚಮಚ. ಒಮ್ಮೆ ಕಕ್ಕಿದ. ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮತ್ತೆ ಶುರು ಮಾಡಿದಳು. ಬೆಳಗಿನ ನಾಲ್ಕಕ್ಕೆ ಒದ್ದೆ ಲಂಗೋಟಿ ನೋಡಿ, ಮೂತ್ರ ಹೋಯಿತಲ್ಲ ಎಂದು ಅವಳು ಪಟ್ಟ ಸಂತೋಷವನ್ನು ಅವನ ಮೊದಲ ಹುಟ್ಟುಹಬ್ಬದಂದೂ ನಾನು ಕಂಡಿರಲಿಲ್ಲ.

ಎದೆಹಾಲು ನಿಲ್ಲಿಸಬಾರದು, ಊಟವನ್ನೂ. ‘ಹೊಟ್ಟೆಗೆ ವಿಶ್ರಾಂತಿ’ ಎಂದು ಮಗುವನ್ನು ಉಪವಾಸ ಕೆಡವುವುದು ಹಳೆಯ ತಪ್ಪು. ಮೊಸರನ್ನ, ಬಾಳೆಹಣ್ಣು, ರಾಗಿ ಸರಿ, ಮಗು ತಿನ್ನುವುದನ್ನು ತಿನ್ನಿಸಿ.

ಔಷಧಿಗಳಲ್ಲಿ ಯಾವುದು?

ಜಿಂಕ್ ಬೇಕು. ಭೇದಿಯ ಅವಧಿಯನ್ನು ಅದು ತಗ್ಗಿಸುತ್ತದೆ. ಆರು ತಿಂಗಳು ಮೀರಿದ ಮಕ್ಕಳಿಗೆ ನಮ್ಮಲ್ಲಿ ದಿನಕ್ಕೆ 20 ಮಿಲಿಗ್ರಾಂ, ಹದಿನಾಲ್ಕು ದಿನ ಕೊಡುವುದು ವಾಡಿಕೆ. ತೊಂದರೆ ಏನೆಂದರೆ ಜಿಂಕ್ ಬಾಯಿಗೆ ಒಗರು, ಹೊಟ್ಟೆ ತೊಳಸುತ್ತದೆ, ಮಗು ಕಕ್ಕುತ್ತದೆ. ಇಷ್ಟೊಂದು ಬೇಕೇ ಎಂದು ದೆಹಲಿ ಮತ್ತು ತಾಂಜಾನಿಯಾದ 4,500 ಮಕ್ಕಳಲ್ಲಿ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. 20, 10, 5 ಮಿಲಿಗ್ರಾಂ ಮೂರು ಗುಂಪು. ಐದು ದಿನ ಮೀರಿ ಭೇದಿ ಮುಂದುವರಿದ ಮಕ್ಕಳ ಪ್ರಮಾಣ ಮೂರರಲ್ಲೂ ಹೆಚ್ಚುಕಡಿಮೆ ಒಂದೇ, ಶೇ. 6.5ರಿಂದ 7.7ರ ನಡುವೆ. ಕೊಟ್ಟ ಅರ್ಧ ಗಂಟೆಯಲ್ಲಿ ವಾಂತಿ ಮಾಡಿದವರು ಮಾತ್ರ ಶೇ. 19.3ರಿಂದ 13.7ಕ್ಕೆ ಇಳಿದರು. ನಿಮ್ಮ ಮಗು ಜಿಂಕ್ ಕಕ್ಕುತ್ತಿದ್ದರೆ ಅದನ್ನು ಅಲ್ಲಿಗೇ ಬಿಟ್ಟುಬಿಡುವ ಬದಲು, ಪ್ರಮಾಣ ತಗ್ಗಿಸಬಹುದೇ ಎಂದು ವೈದ್ಯರನ್ನು ಕೇಳಿ. ಭೇದಿ ನಿಂತಿತು ಎಂದು ಮೂರನೇ ದಿನಕ್ಕೆ ನಿಲ್ಲಿಸುವವರೇ ಹೆಚ್ಚು. ಪೂರ್ತಿ ಮುಗಿಸಿ.

ಆಂಟಿಬಯಾಟಿಕ್ ನೀರಿನಂಥ ಭೇದಿಗೆ ಬೇಡ. ಮಕ್ಕಳ ಭೇದಿಯಲ್ಲಿ ಬಹುಪಾಲು ವೈರಸ್ಸಿನದು, ಅದಕ್ಕೆ ಈ ಔಷಧಿ ನಾಟುವುದೇ ಇಲ್ಲ. ಬಡ ದೇಶಗಳ ಬಡಕಲು ಮಕ್ಕಳಿಗಾದರೂ ಕೊಟ್ಟರೆ ಜೀವ ಉಳಿಯಬಹುದೇ ಎಂದು ಭಾರತವೂ ಸೇರಿ ಏಳು ದೇಶಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ಎರಡು ವರ್ಷದೊಳಗಿನ 8,266 ಮಕ್ಕಳು, ಎಲ್ಲರಿಗೂ ಓಆರ್‌ಎಸ್ ಮತ್ತು ಜಿಂಕ್, ಅರ್ಧದಷ್ಟು ಮಂದಿಗೆ ಮೂರು ದಿನ ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್, ಉಳಿದವರಿಗೆ ಔಷಧಿಯ ಅಂಶವೇ ಇಲ್ಲದ ಹುಸಿ ಔಷಧಿ. ಆರು ತಿಂಗಳಲ್ಲಿ ತೀರಿಕೊಂಡವರು ಆ ಗುಂಪಿನಲ್ಲಿ 20, ಹುಸಿ ಔಷಧಿಯ ಗುಂಪಿನಲ್ಲಿ 28. ಇದು ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣ ಅಂತರ ಎಂದು 2021ರಲ್ಲಿ ವರದಿಯಾಯಿತು. ಮಲದಲ್ಲಿ ರಕ್ತ ಇದ್ದರೆ, ಕಾಲರಾ ಶಂಕೆ ಇದ್ದರೆ ಕಥೆ ಬೇರೆ. ಅಲ್ಲಿ ಆಂಟಿಬಯಾಟಿಕ್‌ಗೆ ಕೆಲಸವಿದೆ, ಅದನ್ನು ವೈದ್ಯರೇ ಬರೆಯಬೇಕು.

‘ಒಳ್ಳೆಯ ಬ್ಯಾಕ್ಟೀರಿಯಾ’ದ ಕುಪ್ಪಿಗಳಿಂದ ಹಾನಿ ಕಡಿಮೆ, ಲಾಭವೂ ಕಡಿಮೆ. 2018ರಲ್ಲಿ ಅಮೆರಿಕದ 971 ಮತ್ತು ಕೆನಡಾದ 886 ಮಕ್ಕಳ ಮೇಲೆ ನಡೆದ ಎರಡು ಪ್ರಯೋಗಗಳು ಒಟ್ಟಿಗೆ ಪ್ರಕಟವಾದವು. ಎರಡರಲ್ಲೂ ಇಂಥ ಬ್ಯಾಕ್ಟೀರಿಯಾ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವಿರಲಿಲ್ಲ. ಆ ದುಡ್ಡಿಗೆ ಬಾಳೆಹಣ್ಣು ತನ್ನಿ.

ಭೇದಿ ಕಟ್ಟುವ ಪುಡಿ, ಅಂದರೆ ರೇಸಿಕಾಡೋಟ್ರಿಲ್, ನಮ್ಮ ಚೀಟಿಗಳಲ್ಲಿ ಖಾಯಂ ಅತಿಥಿ. ವೆಲ್ಲೂರಿನಲ್ಲಿ ಐದು ವರ್ಷದೊಳಗಿನ ಮಕ್ಕಳ ಮೇಲೆ ಪರೀಕ್ಷಿಸಿದಾಗ ಪ್ರಯೋಜನ ಕಾಣಲಿಲ್ಲ. ದೊಡ್ಡವರು ನುಂಗುವ ಲೋಪೆರಮೈಡ್ ಮಾತ್ರೆಯನ್ನು ಅರೆದು ಚಿಕ್ಕ ಮಕ್ಕಳಿಗೆ ಕೊಡುವುದಂತೂ ಅಪಾಯ, ಕರುಳಿನ ಚಲನೆಯೇ ನಿಂತುಹೋಗಬಹುದು.

ವಾಂತಿ ನಿಲ್ಲಿಸುವ ಒಂಡನ್ಸೆಟ್ರಾನ್ ಬಗ್ಗೆ ನನ್ನ ಅಭಿಪ್ರಾಯ ಈಚೆಗೆ ಬದಲಾಯಿತು. ಒಂದು ಡೋಸ್ ಕೊಟ್ಟರೆ ಮಗು ಓಆರ್‌ಎಸ್ ಇಳಿಸಿಕೊಳ್ಳುತ್ತದೆ ಎಂಬುದು ಹಳೆಯ ಸುದ್ದಿ. 2025ರಲ್ಲಿ ಕೆನಡಾದ 1,030 ಮಕ್ಕಳಿಗೆ ತುರ್ತು ಚಿಕಿತ್ಸಾ ಘಟಕದಿಂದ ಮನೆಗೆ ಕಳಿಸುವಾಗ ‘ವಾಂತಿಯಾದರೆ ಕೊಡಿ’ ಎಂದು ಕೆಲವು ಡೋಸ್ ಔಷಧಿ ಅಥವಾ ಹುಸಿ ಔಷಧಿ ಕೊಟ್ಟು ನೋಡಿದರು. ಕಾಯಿಲೆ ಮಧ್ಯಮ ಅಥವಾ ತೀವ್ರವಾದದ್ದು ಔಷಧಿಯ ಗುಂಪಿನಲ್ಲಿ ಶೇ. 5.1, ಇನ್ನೊಂದರಲ್ಲಿ ಶೇ. 12.5. ಚೀಟಿ ಇಲ್ಲದೆ ಕೊಳ್ಳಬೇಡಿ, ಆದರೆ ವಾಂತಿಯೇ ದೊಡ್ಡ ತೊಡಕಾಗಿದ್ದರೆ ವೈದ್ಯರೊಡನೆ ಈ ಮಾತನ್ನು ಎತ್ತಲು ಅಂಜಬೇಡಿ.

ಬಾಯಿಂದಲೋ, ಬಾಟಲಿಯಿಂದಲೋ

‘ಒಂದು ಗ್ಲೂಕೋಸ್ ಬಾಟಲಿ ಹಾಕಿಸಿಬಿಡಿ, ಹುಷಾರಾಗುತ್ತಾನೆ’ ಎಂದು ಪಕ್ಕದ ಮನೆಯವರು ಕಿಟಕಿಯಿಂದಲೇ ಸಲಹೆ ಕೊಟ್ಟರು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಬಾಯಿಯಿಂದ ಚಿಕಿತ್ಸೆ ಪಡೆದ ಪ್ರತಿ 25 ಮಕ್ಕಳಲ್ಲಿ ಒಂದಕ್ಕೆ ಅದು ಸಾಲದೆ ಡ್ರಿಪ್ ಬೇಕಾಗುತ್ತದೆ. ಉಳಿದ ಇಪ್ಪತ್ತನಾಲ್ಕಕ್ಕೆ ಸೂಜಿಯ ಕಾಟವಿಲ್ಲ. 1971ರ ಬಾಂಗ್ಲಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಮುಗಿದುಹೋದಾಗ ವೈದ್ಯ ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕದಡಿ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಹತ್ತಿರವಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಅದು ಕಾಲರಾ, ಅದೂ ಕೆಸರಿನ ನಡುವೆ.

ಡ್ರಿಪ್ ಇಲ್ಲವೇ ಆಸ್ಪತ್ರೆ ಬೇಕಾಗುವ ಹೊತ್ತೂ ಬರುತ್ತದೆ, ಅದನ್ನು ಗುರುತಿಸುವುದು ಕಲಿಯಬೇಕು. ಮಗು ಮಂಕಾಗಿ ಎಚ್ಚರಿಸಿದರೂ ಸರಿಯಾಗಿ ಏಳದಿದ್ದರೆ, ಕುಡಿಯಲು ಆಗದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ನಿಧಾನವಾಗಿ ಇಳಿದರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಎಳೆಗೂಸುಗಳು ಮತ್ತು ತೂಕ ತೀರಾ ಕಡಿಮೆ ಇರುವ ಮಕ್ಕಳ ವಿಷಯದಲ್ಲಿ ಇಷ್ಟೆಲ್ಲ ಕಾಯಲೂಬಾರದು. ‘ಹಲ್ಲು ಬರುತ್ತಿದೆ, ಅದಕ್ಕೇ’ ಎಂಬ ಮಾತನ್ನು ನಂಬಿ ತಡಮಾಡಬೇಡಿ.

ಕೊಡುವವರು ಏಕೆ ಕೊಡುವುದಿಲ್ಲ?

ಇಷ್ಟು ಅಗ್ಗದ, ಇಷ್ಟು ಪರೀಕ್ಷೆಗೊಳಗಾದ ಪುಡಿ ಭಾವನ ಚೀಲಕ್ಕೆ ಏಕೆ ಬರಲಿಲ್ಲ? ಪುಡಿಯಲ್ಲಿ ಲಾಭ ಇಲ್ಲ, ಅಂಗಡಿಯವನಿಗೆ ದುಡ್ಡಿನ ಆಸೆ ಎಂದು ನಾನು ಅಂದು ಬೈದಿದ್ದೆ. ಅದು ಪೂರ್ತಿ ಸರಿಯಲ್ಲ ಎಂದು ಆಮೇಲೆ ಗೊತ್ತಾಯಿತು. ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ವೈದ್ಯರು ಮತ್ತು ಔಷಧಿ ಅಂಗಡಿಗಳ ಮೇಲೆ ನಡೆದ ಒಂದು ಪ್ರಯೋಗ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿದೆ. ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿ ಆ ತಂಡದಲ್ಲಿ ಒಬ್ಬರು. ತರಬೇತಿ ಪಡೆದ ನಟರು ‘ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿ’ ಎಂದು ಹೇಳಿಕೊಂಡು ಹೋದರು. ಕೆಲವರು ಓಆರ್‌ಎಸ್ ಬೇಕೆಂದು ಸೂಚಿಸಿದರು, ಕೆಲವರು ಆಂಟಿಬಯಾಟಿಕ್ ಎಂದರು, ಕೆಲವರು ಏನನ್ನೂ ಹೇಳಲಿಲ್ಲ.

ಓಆರ್‌ಎಸ್ ಬೇಕು ಎಂದವರಿಗೆ ಅದನ್ನು ಬರೆದುಕೊಟ್ಟ ಪ್ರಮಾಣ 27 ಶೇಕಡಾಂಶ ಏರಿತು. ಪುಡಿ ಕೊಡದಿರುವುದಕ್ಕೆ ಲಾಭದ ಆಸೆಯ ಪಾಲು ಶೇ. 5, ದಾಸ್ತಾನು ಇಲ್ಲದಿರುವುದರ ಪಾಲು ಶೇ. 6 ಎಂದು ಸಂಶೋಧಕರು ಲೆಕ್ಕ ಹಾಕಿದರು. ‘ಬಂದವರಿಗೆ ಇದು ಬೇಕಿಲ್ಲ’ ಎಂಬ ಊಹೆಯ ಪಾಲು ಶೇ. 42. ನಾವು ಪುಡಿಗೆ ಮೂಗು ಮುರಿಯುತ್ತೇವೆ ಎಂದು ಅವರು ತಿಳಿದಿದ್ದಾರೆ. ನಾವು ಬಾಯಿ ಬಿಡದಿದ್ದರೆ ಅವರು ಹಾಗೆ ತಿಳಿಯದೆ ಇನ್ನೇನು ಮಾಡಿಯಾರು?

ಮೊನ್ನೆ ಮಗುವಿಗೆ ಮತ್ತೆ ಭೇದಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಬಳಿ ಪುಡಿ ಪುಕ್ಕಟೆ ಸಿಗುತ್ತದೆ, ಆದರೆ ಅಂದು ಭಾನುವಾರ, ಸಂಜೆಯ ಹೊತ್ತು. ಭಾವನ ಜೊತೆ ನಾನೂ ಅದೇ ಅಂಗಡಿಗೆ ಹೋದೆ. ‘ಒಂದು ಲೀಟರಿನ ಓಆರ್‌ಎಸ್ ಪುಡಿ ಎರಡು, ಮಗುವಿಗೆ ಕೊಡುವ ಜಿಂಕ್ ಒಂದು’ ಎಂದರು ಭಾವ. ಅಂಗಡಿಯ ಹುಡುಗ ಮೂರನ್ನೂ ಗಾಜಿನ ಮೇಲಿಟ್ಟು, ಮುಂದಿನ ಮಾತಿಗೆ ಕಾಯುವವನಂತೆ ನಿಂತ.

‘ಇಷ್ಟೇನಾ ಸಾರ್? ಮಗುವಿಗೆ ಬೇರೆ ಏನೂ ಬೇಡವೇ?’